ಹಣಮಂತನ ಹಾಜರಿ

ಭುವನೇಶ್ವರಿ ಅಕ್ಕನಿಗೆ ಪೋಲಿಯೋ ಬಂದ ಎಡಗಾಲು. ಊರುಗೋಲು ಹಿಡಿದು ಚಂದಾಪುರದಿಂದ ಬಸ್ಸಿನಲ್ಲೇ ಓಡಾಡುತ್ತಾಳೆ. ಅಂಗವಿಕಲರಿಗೆ ತಕ್ಕ ಹಾಗೆ ಫ್ಯಾಕ್ಟರಿಯಲ್ಲಿ ಏನೇನು ಇರಬೇಕು ಎಂದು ಮಾಲೀಕರಿಗೆ ಹೇಳಿಕೊಟ್ಟು, ಎಲ್ಲ ಸರಿಯಾದ ಮೇಲೆ ಸಹಿ ಹಾಕುವುದು ಅವಳ ಕೆಲಸ. ಮೊದಲು ಪೀಣ್ಯದಲ್ಲಿ ನಮ್ಮ ಹಾಗೆಯೇ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದವಳು. ಒಂದು ದಿನ ಅವಳ ವಿಭಾಗವನ್ನು ಲಿಫ್ಟಿಲ್ಲದ ಮೂರನೇ ಮಹಡಿಗೆ ಸಾಗಿಸಿದರು. ಬರಬೇಡ ಎಂದು ಯಾರೂ ಹೇಳಲಿಲ್ಲ. ಐವತ್ತನಾಲ್ಕು ಮೆಟ್ಟಿಲು, ಅಷ್ಟೇ.

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಫ್ಯಾಕ್ಟರಿಗೆ ಅವಳು ಬಂದದ್ದು ಹಣಮಂತನ ಸಲುವಾಗಿ. ಕೊಪ್ಪಳದ ಕಡೆಯವನು, ಕಿವಿ ಕೇಳದು, ಮಾತು ಬಾರದು. ಹನ್ನೊಂದು ಕಡೆ ಬೇಡವೆನಿಸಿಕೊಂಡು ಇಲ್ಲಿ ನಿಂತಿದ್ದ. ಬೆಂಕಿಯ ಅಲಾರಂ ಅವನಿಗೆ ಕೇಳಿಸುವುದಿಲ್ಲ, ಮಿನುಗುವ ದೀಪ ಹಾಕಿಸಿ, ಬಾತ್‌ರೂಮಿನಲ್ಲೂ ಬೇಕು ಎಂದಳು ಅಕ್ಕ.

ಮ್ಯಾನೇಜರ್ ವೆಂಕಟೇಶಪ್ಪ ನಕ್ಕರು. “ಲೈಟ್ ಯಾಕೆ ಮೇಡಂ? ಅವನ ರೂಮ್‌ಮೇಟ್ ಮುತ್ತು ಇದಾನಲ್ಲ, ಭುಜ ತಟ್ಟಿ ಕರ್ಕೊಂಡ್ ಬರ್ತಾನೆ. ಫೈರ್ ಡ್ರಿಲ್ ನೋಡಿ, ಸೈನ್ ಹಾಕಿ. ನಾಳೆ ಕ್ಲೈಂಟ್ ಬರ್ತಿದಾರೆ.”

ಅಲಾರಂ ಹೊಡೆಯಿತು. ನಾವೆಲ್ಲ ಓಡಿಬಂದು ಅಂಗಳದಲ್ಲಿ ಸಾಲಾಗಿ ನಿಂತೆವು. ವೆಂಕಟೇಶಪ್ಪ ಒಬ್ಬೊಬ್ಬರ ಹೆಸರನ್ನೂ ಕೂಗಿದರು.

“ಹಣಮಂತ!”

“ಯೆಸ್ ಸಾರ್!”

ಅರವತ್ತೆರಡಕ್ಕೆ ಅರವತ್ತೆರಡು. ಮೂರೇ ನಿಮಿಷ. ಚಪ್ಪಾಳೆ ತಟ್ಟಿದೆವು. ಅಕ್ಕ ಮಾತ್ರ ತಟ್ಟಲಿಲ್ಲ.

“ಮಾತು ಬರದೇ ಇರೋನು ಯೆಸ್ ಸಾರ್ ಅಂದ್ನಾ? ಎಲ್ಲಪ್ಪಾ ಹಣಮಂತ?”

ಮುತ್ತುವಿನ ಮುಖ ಬಿಳಿಚಿತು. ದಿನಾ ಬೆಳಿಗ್ಗೆ ಗೆಳೆಯನ ಹೆಸರಿಗೆ ಓಗೊಡುವವನು ಅವನೇ. “ಬಾಯಿಗೆ ರೂಢಿ ಬಿದ್ದೈತ್ರೀ ಅಕ್ಕಾ... ಅಂವ ಬಾತ್‌ರೂಮಿಗೆ ಹೋಗಿದ್ದ, ನಾ ಓಡಿ ಬಂದೆ.”

ನಾನೂ ಮುತ್ತುವೂ ಮೇಲಕ್ಕೆ ಓಡಿದೆವು. ಖಾಲಿ ಕುರ್ಚಿಗಳ ನಡುವೆ ಹಣಮಂತ ಬೆವರಿ ನಿಂತಿದ್ದ. ಮುತ್ತುವಿನ ಬ್ಯಾಗನ್ನು ಎದೆಗೆ ಒತ್ತಿಕೊಂಡಿದ್ದ. ಎಲ್ಲರೂ ತನ್ನನ್ನು ಬಿಟ್ಟು ಎಲ್ಲಿಗೆ ಹೋದರೆಂದು ಅವನಿಗೆ ತಿಳಿದಿರಲಿಲ್ಲ.

ಕೆಳಗೆ ಕರೆತಂದಾಗ ವೆಂಕಟೇಶಪ್ಪ ಪೆನ್ನು ಚಾಚಿದರು. “ಸಿಕ್ಕಿದ್ನಲ್ಲ ಮೇಡಂ.”

“ಸೈನ್ ಮಾಡಲ್ಲ ಸಾರ್.”

“ಹಂಗಾದ್ರೆ ಇವನ್ನೇ ಕಳಿಸ್ಬಿಡ್ತೀನಿ. ಆಗ ಲೈಟೂ ಬೇಡ, ನೀವೂ ಬೇಡ.”

ಸಹಿ ಹಾಕಿದರೆ ಅವನ ಜೀವಕ್ಕೆ ಭದ್ರತೆಯಿಲ್ಲ, ಹಾಕದಿದ್ದರೆ ಹೊಟ್ಟೆಗಿಲ್ಲ. ಅಕ್ಕ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ ಕೈ ಜೋಡಿಸಿದಳು.

“ಇನ್ನೊಂದೇ ಒಂದು ಸಲ ಡ್ರಿಲ್ ಮಾಡಿ ಸಾರ್, ಕೈ ಮುಗೀತೀನಿ. ಅವನು ಬಾತ್‌ರೂಮಲ್ಲೇ ಇರ್ಲಿ. ಮುತ್ತು ಕರ್ಕೊಂಡ್ ಬಂದ್ರೆ ಸೈನ್ ಹಾಕ್ತೀನಿ.”

“ಬರ್ದೇ ಏನು? ನೋಡ್ತಾ ಇರಿ.”

ಎಲ್ಲರೂ ಮೇಲಕ್ಕೆ ಮರಳಿದ ಮೇಲೆ, ಮುತ್ತುವಿನ ಸನ್ನೆಯಂತೆ ಹಣಮಂತ ಬಾತ್‌ರೂಮಿಗೆ ಹೋಗಿ ಎಂದಿನಂತೆ ಚಿಲಕ ಹಾಕಿಕೊಂಡ. ಅಲಾರಂ ಹೊಡೆಯಿತು. ಮುತ್ತು ಬಾಗಿಲು ಬಡಿದ, ಒದ್ದ. ಒಳಗೆ ನಲ್ಲಿಯ ಸದ್ದು ಬಿಟ್ಟರೆ ಏನೂ ಇಲ್ಲ. ಭುಜ ತಟ್ಟಬೇಕಾದ ಕೈಗೆ ಸಿಕ್ಕಿದ್ದು ಬರೀ ಬಾಗಿಲು. ಮೂರು ನಿಮಿಷಕ್ಕೆ ಎಲ್ಲರೂ ಹೊರಗಿರಬೇಕೆಂಬ ನಿಯಮ. ನಾನೇ ಮುತ್ತುವನ್ನು ಎಳೆದು ತಂದೆ.

ಮತ್ತೆ ಹಾಜರಿ.

“ಹಣಮಂತ!”

ಮುತ್ತುವಿನ ಬಾಯಿ ತಾನಾಗಿ ತೆರೆಯಿತು. ಎರಡೂ ಕೈಯಿಂದ ಮುಚ್ಚಿಕೊಂಡ. ಕಣ್ಣಲ್ಲಿ ನೀರು.

“ಹಣಮಂತ!... ಹಣಮಂತ!”

ಅರವತ್ತೊಂದು ಜನ ಮೇಲಿನ ಕಿಟಕಿಯ ಕಡೆಗೇ ನೋಡುತ್ತಿದ್ದೆವು. ವೆಂಕಟೇಶಪ್ಪ ಹಾಜರಿ ಪಟ್ಟಿಯನ್ನು ನನ್ನ ಕೈಗೆ ತುರುಕಿ ತಾವೇ ಮೆಟ್ಟಿಲು ಹತ್ತಿದರು. ಮೇಲಿನಿಂದ ಬಾಗಿಲು ಗುದ್ದುವ ಸದ್ದು, ಅವರದೇ ಕೂಗು: “ಹಣಮಂತಾ! ಬಾಗಿಲು ತೆಗಿಯೋ ಮಾರಾಯಾ!”

“ಇನ್ನೂ ಜೋರಾಗಿ ಕೂಗಿ ಸಾರ್,” ಎಂದಳು ಅಕ್ಕ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಒಂಬತ್ತು ನಿಮಿಷದ ಮೇಲೆ ಇಬ್ಬರೂ ಇಳಿದು ಬಂದರು. ಹಣಮಂತನ ಕೈ ಒದ್ದೆ, ಮ್ಯಾನೇಜರ್ ಅಂಗೈ ಕೆಂಪು. ಅಕ್ಕನ ಕೈಯಲ್ಲಿದ್ದ ಸ್ಟಾಪ್‌ವಾಚ್ ಇನ್ನೂ ಓಡುತ್ತಿತ್ತು.

“ಇವನ ಕೆಲಸ, ಸಾರ್?” ಎಂದಳು ಅಕ್ಕ.

ವೆಂಕಟೇಶಪ್ಪ ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡರು. ಅವಳ ಮುಖ ನೋಡಲಿಲ್ಲ.

“ಮೊದ್ಲು ಬಾತ್‌ರೂಮಿಗೆ ಹಾಕ್ಸಣ ಮೇಡಂ. ಲೈಟು.”