ಹಾಡಿನ ಕೆಳಗಿದ್ದ ದನಿ

“ಅಕ್ಕಯ್ಯ, ಮಿಷಿನ್ನು ಎರಡಿದಾವಂತೆ. ಒಂದು ಹಳೇದು, ಸಣ್ಣದು. ಕ್ಯಾಸೆಟ್ ಹಾಕಿದ್ರೆ ಚಿತ್ರ ಬರುತ್ತೆ, ಸದ್ದೂ ಬರುತ್ತೆ, ನಿಂಗದೇ ಸಾಕು ಅಂತಾನೆ ನಮ್ಮಣ್ಣ. ಇನ್ನೊಂದು ದೊಡ್ಡದು. ನಾನೇನ್ ಕಂಡಿದೀನಿ ಮಿಷಿನ್ನು? ಒರಳು ಬಿಟ್ಟು ಮಿಕ್ಸಿ ಹಿಡಿದೋಳು. ಆದ್ರೆ ಒಂದು ಗೊತ್ತು, ಜರಡಿ ಸರಿಯಿಲ್ದಿದ್ರೆ ರಾಗಿ ಒಳ್ಳೇದಾದ್ರೂ ಮುದ್ದೆ ಕಲ್ಲೇ. ನಂಗೆ ಚಿತ್ರ ಬೇಡ ಅಕ್ಕಯ್ಯ. ಚಿತ್ರ ಕಣ್ಣೊಳಗಿದೆ. ನಮ್ಮಮ್ಮನ ದನಿ ಬೇಕು. ಅವಳು ನನ್ನ ಮದುವೇಲಿ ಹಾಡಿದಳಲ್ಲ, ಅದು ಬೇಕು. ಬಯ್ಕೊಳೋಕಾದ್ರೂ ಆ ದನಿ ಬೇಕು.”

ನಂಗಲಿಯಲ್ಲಿ ಲಾರಿಗಳು ನಿಲ್ಲುವ ಕಡೆ ಮುದ್ದೆ ಹೋಟೆಲು ನಡೆಸುವ ವೆಂಕಟರತ್ನಮ್ಮ, ಮುಳಬಾಗಿಲಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಮನೆಯವಳಾದ ನನಗೆ ಹೇಳಿದ ಮಾತಿದು. ಮಡಿಲಲ್ಲಿ ಮದುವೆಯ ವಿಡಿಯೋ ಕ್ಯಾಸೆಟ್ಟಿತ್ತು. ರೇಷ್ಮೆ ಸೀರೆಯ ಮಡಿಕೆಯಲ್ಲಿ ಬೇವಿನ ಸೊಪ್ಪು ಹಾಕಿ ಇಟ್ಟಿದ್ದಳು. ಅದನ್ನು ಫೋನಿನಲ್ಲಿ ಕೇಳುವ ಹಾಗೆ ಮಾಡಿಸಬೇಕು ಎಂಬುದು ಅವಳ ಆಸೆ.

ಅವಳದು ಕೊಟ್ಟು ತಂದ ಮದುವೆ. ಅಣ್ಣ ಕೋದಂಡರಾಮಪ್ಪ ಗಂಗಾ ಎಂಬ ಹುಡುಗಿಯನ್ನು ಮೆಚ್ಚಿದ್ದ. ನಿನ್ನ ತಂಗಿಯನ್ನು ನಮ್ಮ ಹುಡುಗನಿಗೆ ಕೊಟ್ಟರೆ ಗಂಗಾಳನ್ನು ಕೊಡುತ್ತೇವೆ ಎಂದಿದ್ದರು ಅವರ ಮನೆಯವರು. ಆ ಹುಡುಗನೆಂದರೆ ಗಂಗಾಳ ದೊಡ್ಡಣ್ಣ, ಹೆಂಡತಿ ಸತ್ತವನು, ಇಬ್ಬರು ಮಕ್ಕಳ ತಂದೆ. ಒಂದೇ ಚಪ್ಪರದಲ್ಲಿ ಎರಡು ಧಾರೆ ಆಯಿತು. ವೆಂಕಟರತ್ನಮ್ಮನಿಗೆ ಆಗಿನ್ನೂ ಹದಿನೆಂಟು. ನಾನು ಬೇಡವೆಂದೆ, ಅಮ್ಮನೇ ಹಟ ಹಿಡಿದು ಈ ಸಂಬಂಧ ಮಾಡಿದಳು ಎಂದು ಅಣ್ಣ ಹೇಳಿದ. ಮದುವೆಯಾದ ಮೇಲೆ ಬಾಡಿಗೆ ಟಿವಿ ತಂದು ಕ್ಯಾಸೆಟ್ ತೋರಿಸಿದಾಗ, ಚಪ್ಪರದ ಕಂಬದ ಬಳಿ ಕೈ ಎತ್ತಿ ಬಾಯಿ ತೆರೆದಿದ್ದ ತಾಯಿಯನ್ನು ತೋರಿಸಿ, ನೋಡು ಹೆಂಗೆ ಹಾಡ್ತಿದಾಳೆ ಎಂದ. ಕೇಳಿಸಿದ್ದು ಮಾತ್ರ ಸಿನಿಮಾ ಹಾಡು. ಆ ಕಾಲದಲ್ಲಿ ಮದುವೆ ಕ್ಯಾಸೆಟ್ಟಿಗೆಲ್ಲ ಹಾಗೆ ಹಾಡು ಸೇರಿಸುತ್ತಿದ್ದರು.

ಅವಳು ತವರಿಗೆ ಹೋಗುವುದನ್ನು ಬಿಟ್ಟಳು. ನನ್ನನ್ನು ಹಾಡಿ ಕಳಿಸಿದವಳ ಮುಖ ನೋಡುವುದಿಲ್ಲ ಎಂದಳು. ತಾಯಿ ಎರಡು ಸಲ ನಂಗಲಿಯವರೆಗೂ ಬಂದು, ಬಾಗಿಲಲ್ಲೇ ಕೂತು, ನೀರೂ ಕುಡಿಯದೆ ಹೋದಳಂತೆ. ಆಮೇಲೆ ಸತ್ತಳು. ಗಂಡನ ಮಕ್ಕಳನ್ನು ಸಾಕಿ, ತನ್ನ ಮಗಳನ್ನು ಬೆಳೆಸಿ, ಗಂಡನನ್ನೂ ಮಣ್ಣು ಮಾಡಿದ ಮೇಲೆ ಅವಳ ಸಿಟ್ಟು ಸವೆದಿತ್ತು. ಈಗ ಬೇಕಾಗಿದ್ದು ದನಿ ಒಂದೇ.

ಮುಳಬಾಗಿಲಿನ ವಿಡಿಯೋ ಅಂಗಡಿ ಲಿಯಾಖತ್‌ದು. ಆ ಮದುವೆಗೆ ಕ್ಯಾಮೆರಾ ಹಿಡಿದವನೂ ಅವನೇ. ಈಗ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ, ಕೆಲಸ ಮಾಡುವವಳು ಸೊಸೆ ಮುಬಶ್ಶಿರಾ. ಲಿಯಾಖತ್ ನಮ್ಮನ್ನು ನೋಡಿ, ಅಣ್ಣಾವ್ರು ಫೋನ್ ಮಾಡಿದ್ರು, ಹಳೇ ಮಿಷಿನ್ನಲ್ಲೇ ಮಾಡಮ್ಮ ಎಂದು ಸೊಸೆಗೆ ಹೇಳಿದ. ವೆಂಕಟರತ್ನಮ್ಮ ಸುಮ್ಮನಿರಲಿಲ್ಲ. ಎರಡಕ್ಕೂ ಏನು ವ್ಯತ್ಯಾಸ ಎಂದು ಆ ಹುಡುಗಿಯನ್ನೇ ಕೇಳಿದಳು.

ಮುಬಶ್ಶಿರಾ ಆ ಮದುವೆಯ ಸಂಗತಿ ಏನೂ ತಿಳಿಯದವಳು, ಇದ್ದದ್ದನ್ನು ಹೇಳಿದಳು. ಒಳ್ಳೆ ಕ್ಯಾಮೆರಾದಲ್ಲಿ ತೆಗೆದ ಟೇಪಿನಲ್ಲಿ ಸದ್ದು ಎರಡು ಕಡೆ ಇರುತ್ತದಂತೆ. ಒಂದು ಅಂಚಿನಲ್ಲಿ, ಇನ್ನೊಂದು ಚಿತ್ರದ ಅಡಿಯಲ್ಲಿ. ಆಮೇಲೆ ಸೇರಿಸಿದ ಹಾಡು ಅಂಚಿಗೆ ಮಾತ್ರ ಹತ್ತುತ್ತದೆ. ಹಳೇ ಮಿಷಿನ್ನು ಅಂಚನ್ನಷ್ಟೇ ಓದುತ್ತದೆ, ದೊಡ್ಡದು ಅಡಿಯದನ್ನೂ ಓದುತ್ತದೆ.

“ಹಂಗಾದ್ರೆ ಅಮ್ಮ ಹಾಡಿದ್ದು ಅಡೀಲಿರುತ್ತೆ,” ಎಂದಳು ವೆಂಕಟರತ್ನಮ್ಮ. “ದೊಡ್ಡದಕ್ಕೇ ಹಾಕು ಕಣಮ್ಮ.”

ಲಿಯಾಖತ್ ಎದ್ದು ಟೀ ತರುತ್ತೇನೆಂದು ಹೊರಗೆ ಹೋದ. ಟೀ ತರಲಿಲ್ಲ.

ಮೊದಲು ನಾದಸ್ವರ ಬಂತು, ಪಾತ್ರೆ ಸದ್ದು ಬಂತು. ಆಮೇಲೆ ಕಂಬದ ಬಳಿ ತಾಯಿ ಕಂಡಳು, ಎತ್ತಿದ ಕೈ, ತೆರೆದ ಬಾಯಿ. ಅದು ಹಾಡಾಗಿರಲಿಲ್ಲ. ಅವಳು ಮಗನಿಗೆ ತೆಲುಗಿನಲ್ಲಿ ಹೇಳುತ್ತಿದ್ದಳು, “ವದ್ದು ನಾಯನಾ, ವದ್ದು.” ಬೇಡಪ್ಪ, ಬೇಡ. ನಿನ್ನ ಹೆಂಡತಿಗಾಗಿ ನನ್ನ ಕೂಸನ್ನು ತೂಗಿ ಕೊಡಬೇಡ, ಅವಳು ಒಳಗೆ ಎಣ್ಣೆ ನೀರು ಹಾಕಿಸಿಕೊಳ್ಳುತ್ತಿದ್ದಾಳೆ, ಇನ್ನೂ ಹೊತ್ತು ಮೀರಿಲ್ಲ. ಕೋದಂಡರಾಮಪ್ಪ ಅವಳ ಎತ್ತಿದ ಕೈಯನ್ನು ಹಿಡಿದು ಇಳಿಸಿದ. ಆಮೇಲೆ ಕ್ಯಾಮೆರಾದ ಕಡೆ ತಿರುಗಿ, ಲಿಯಾಖತ್, ಇಲ್ಲಿ ಒಂದು ಹಾಡು ಹಾಕ್ಬಿಡು ಎಂದ.

ವೆಂಕಟರತ್ನಮ್ಮ ಇನ್ನೊಂದು ಸಲ ಹಾಕು ಎನ್ನಲಿಲ್ಲ. ಅಮ್ಮ ಬಾಗಿಲಲ್ಲಿ ಕೂತಿದ್ದಾಗ ನಾನು ಒಳಗೆ ಬೇಳೆ ಆರಿಸುತ್ತಿದ್ದೆ ಎಂದಳು ನನಗೆ, ಅಷ್ಟೇ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅಣ್ಣನಿಗೆ ಫೋನ್ ಮಾಡಿದಳು.

“ಅಣ್ಣಾ, ಅಮ್ಮ ಹಾಡಲಿಲ್ಲ.”

ಆ ಕಡೆಯಿಂದ ಬಂದದ್ದು ನನಗೂ ಕೇಳಿಸಿತು. “ಸಣ್ಣ ಮಿಷಿನ್ನೇ ಸಾಕು ಅಂದಿದ್ನಲ್ಲ ನಿಂಗೆ.”

ಅವಳು ಫೋನನ್ನು ಸೆರಗಿಗೆ ಕಟ್ಟಿಕೊಂಡಳು. ನಾವಿಬ್ಬರೂ ಬಸ್ಸು ಹತ್ತಿದೆವು. ನಂಗಲಿಯಲ್ಲಿ ಇಳಿದಾಗ ಲಾರಿಗಳು ಸಾಲು ನಿಂತಿದ್ದವು, ಸಂಜೆಯ ಸಾರಿಗೆಂದು ಬೆಳಿಗ್ಗೆ ನೆನೆಹಾಕಿದ್ದ ಅವರೆಕಾಳು ಉಬ್ಬಿತ್ತು. ಅವಳು ಬೋಗುಣಿ ಎಳೆದುಕೊಂಡು ಕೂತಳು. ಎದುರಿಗೆ ನಾನೂ ಕೂತೆ. ಒಂದೊಂದೇ ಕಾಳನ್ನು ಹಿತುಕಿ, ಸಿಪ್ಪೆ ಒಂದು ಕಡೆಗೆ, ಬೇಳೆ ಇನ್ನೊಂದು ಕಡೆಗೆ ಹಾಕತೊಡಗಿದೆವು.