ತಗ್ಗು ಕುರ್ಚಿಯ ಕತ್ತರಿಯಕ್ಕ

ಕತ್ತರಿಯಕ್ಕನ ಕಟಿಂಗ್ ಶಾಪಿಗೆ ಮೊದಲ ಸಲ ಬಂದವರು ಕುರ್ಚಿಯಲ್ಲಿ ಕೂರುವಾಗ "ಅಯ್ಯೋ!" ಅಂದೇ ಅನ್ನುತ್ತಾರೆ. ಕುರ್ಚಿ ಅಷ್ಟು ತಗ್ಗು. ಎದುರಿನ ಕನ್ನಡಿಯೂ ಗೋಡೆಯ ಬುಡಕ್ಕಿಳಿದಿದೆ. ಅಕ್ಕ ಚಕ್ರವಿರುವ ಸ್ಟೂಲಿನ ಮೇಲೆ ಕೂತು, ಗಿರಾಕಿಯ ಸುತ್ತ ಸರ್ರನೆ ಜಾರುತ್ತಾ ಕತ್ತರಿ ಆಡಿಸುತ್ತಾಳೆ. ನಾನು ಪಕ್ಕದ ಚಪ್ಪಲಿ ಅಂಗಡಿಯವನು. ಹನ್ನೆರಡು ವರ್ಷದಿಂದ ನನ್ನ ತಲೆ ಅವಳ ಕೈಯಲ್ಲಿದೆ.

ಆರು ವರ್ಷದ ಹಿಂದೆ ಅವಳು ಬೆಳಗಿನಿಂದ ಸಂಜೆವರೆಗೂ ನಿಂತೇ ಕೆಲಸ ಮಾಡುತ್ತಿದ್ದಳು. ಆಗ ಅವಳ ತಮ್ಮ ಒಂದು ಹಳೇ ಜೀಪು ಕೊಂಡ. ಮೊದಲ ಸವಾರಿಗೆ ಅಕ್ಕನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಊರಾಚೆ ರಸ್ತೆ ಮುಗಿದರೂ ಅವನ ಹುಮ್ಮಸ್ಸು ಮುಗಿಯಲಿಲ್ಲ. ಗಾಡಿಯನ್ನು ಹುಲ್ಲುಗಾವಲಿಗೆ ಇಳಿಸಿದ. "ನಿಧಾನ ಕಣೋ" ಅಂತ ಅಕ್ಕ ಹೇಳುವಷ್ಟರಲ್ಲಿ, ಹುಲ್ಲಿನೊಳಗೆ ಕಾಣದೆ ಕೂತಿದ್ದ ಬಂಡೆಗೆ ಅವಳಿದ್ದ ಕಡೆಯ ಮೂಲೆ ಬಡಿಯಿತು. ತಮ್ಮನಿಗೆ ಹಣೆ ಮೇಲೆ ಒಂದು ಗೀರು. ಅಕ್ಕನಿಗೆ ಭುಜ, ಸೊಂಟ, ಕತ್ತು ಮೂರಕ್ಕೂ ಪೆಟ್ಟು.

ನಾಲ್ಕು ತಿಂಗಳು ಹಾಸಿಗೆ ಹಿಡಿದಳು. ಮೂಳೆಗಳೇನೋ ಕೂಡಿಕೊಂಡವು. ಆದರೆ ಕತ್ತರಿ ಹಿಡಿಯುವ ಕೈ ಭುಜದಿಂದ ಮೇಲೆ ಏಳಲಿಲ್ಲ. ಅರ್ಧ ಗಂಟೆ ನಿಂತರೆ ಕಾಲು ಜೋಮು ಹಿಡಿಯುತ್ತಿತ್ತು. ಹಿಂದಿನಿಂದ ಯಾರಾದರೂ ಕರೆದರೆ ಕತ್ತು ತಿರುಗದೆ ಇಡೀ ಮೈಯೇ ತಿರುಗಬೇಕು. "ಮುಂದೆ ಬಂದು ಕರೀರಿ. ಲಾರಿ ಥರ ರಿವರ್ಸ್ ತಗೊಳ್ಳೋಕೆ ಜಾಗ ಬೇಕು ನನಗೆ" ಅನ್ನುತ್ತಿದ್ದಳು. ನಗಿಸುತ್ತಿದ್ದಳು ನಿಜ, ಆದರೆ ಕಾರಿನ ಬಾಗಿಲು ದಬ್ಬೆಂದರೂ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಯಾವ ಗಾಡಿಗೂ ಹತ್ತಲೊಲ್ಲಳು.

"ಇನ್ನು ಇಷ್ಟೇ. ಇದರ ಜೊತೇಲೇ ಬದುಕೋದು ಕಲೀಬೇಕು" ಎಂದರಂತೆ ಡಾಕ್ಟರು. ಅವತ್ತು ಮುಚ್ಚಿದ ಅಂಗಡಿಯೊಳಗೆ ಕೂತು ಅಕ್ಕ ಅತ್ತದ್ದು ಗೋಡೆಯಾಚೆ ನನಗೆ ಕೇಳಿಸಿತ್ತು.

ಅವಳ ಗಂಡ ವೆಲ್ಡಿಂಗ್ ಕೆಲಸದವನು, ಮಾತು ಕಮ್ಮಿ. ಮರುದಿನ ಕುರ್ಚಿಯನ್ನು ಬುಡಸಮೇತ ಬಿಚ್ಚಿಕೊಂಡು ಹೋದ. ಕಂಬವನ್ನು ಅರ್ಧಕ್ಕೆ ಕುಯ್ದು, ಬೆಸುಗೆ ಹಾಕಿ, ಎರಡು ದಿನ ಬಿಟ್ಟು ವಾಪಸು ತಂದ.

"ಇದೇನ್ರೀ ಮಾಡಿದ್ರಿ?" ಅಂದಳು ಅಕ್ಕ.

"ಕೈ ಮೇಲೆ ಹೋಗಲ್ಲ ತಾನೆ? ತಲೆಗಳೇ ಕೆಳಗೆ ಬರಲಿ."

ಆ ಕುರ್ಚಿಗೆ ಮೊದಲ ಗಿರಾಕಿ ನಾನೇ. ಅವತ್ತು ನನ್ನ ಒಂದು ಕಿವಿಯ ಮೇಲೆ ಕೂದಲಿತ್ತು, ಇನ್ನೊಂದರ ಮೇಲೆ ಇರಲಿಲ್ಲ. ನನ್ನ ಹೆಂಡತಿ ಒಂದು ವಾರ ನನ್ನ ಜೊತೆ ಬೀದಿಗೆ ಬರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅಕ್ಕನ ಕೈ ಕುದುರಿತು. ಎತ್ತರದ ಕುರ್ಚಿ ಹತ್ತಲಾಗದ ಮುದುಕಿಯರು, ಊರುಗೋಲಿನವರು ದೂರದ ಬೀದಿಗಳಿಂದಲೂ ಹುಡುಕಿಕೊಂಡು ಬಂದರು.

ತಮ್ಮನದ್ದೇ ಚಿಂತೆ. ಅವನು ದಿನಾ ಬೆಳಗ್ಗೆ ಬಂದು ಅಂಗಡಿಯ ಶಟರ್ ಎತ್ತಿ, ಅಕ್ಕನ ಮುಖ ನೋಡದೆ ಹೊರಟುಬಿಡುತ್ತಿದ್ದ. ಹೀಗೆ ಐದು ವರ್ಷ.

ಹೋದ ವರ್ಷ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಕೂದಲು ಕತ್ತರಿಸಿಕೊಳ್ಳಲು ಬಂದರು. ಕುರ್ಚಿ, ಸ್ಟೂಲು ಎರಡನ್ನೂ ಕಣ್ಣರಳಿಸಿ ನೋಡಿ, "ನಮ್ಮ ವಾರ್ಡಲ್ಲಿ ಕೈ ಎತ್ತೋಕಾಗದವರು, ಎದ್ದು ಕೂರೋಕೂ ಕಷ್ಟ ಪಡೋರು ಇದ್ದಾರೆ. ತಿಂಗಳುಗಟ್ಟಲೆ ತಲೆಗೆ ಕತ್ತರಿ ಸೋಕಿಲ್ಲ. ಭಾನುವಾರ ಬರ್ತೀರಾ?" ಅಂದರು. ಆಸ್ಪತ್ರೆ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಗಾಡಿ ಹತ್ತಬೇಕಲ್ಲ ಅಂತ ಅಕ್ಕ ಮೂರು ದಿನ ಯೋಚಿಸಿದಳು. ನಾಲ್ಕನೇ ಬೆಳಗ್ಗೆ ಶಟರ್ ಎತ್ತುತ್ತಿದ್ದ ತಮ್ಮನಿಗೆ, "ಭಾನುವಾರ ಯಾರದ್ದಾದ್ರೂ ಕಾರು ತಗೊಂಡು ಬಾ" ಅಂದಳು.

ಅವನು ಶಟರನ್ನು ಅರ್ಧಕ್ಕೇ ಬಿಟ್ಟ. "ನಾನಾ? ಬೇಡ ಕಣಕ್ಕ, ಟ್ಯಾಕ್ಸಿಗೆ ಹೇಳ್ತೀನಿ."

"ನೀನೇ ಬರಬೇಕು. ಮುಂದಿನ ಸೀಟಲ್ಲೇ ಕೂರ್ತೀನಿ."

ಆ ಭಾನುವಾರ ಹಿಂದಿನ ಸೀಟಿನಲ್ಲಿ, ಅಕ್ಕನ ಸ್ಟೂಲನ್ನು ತೊಡೆಮೇಲಿಟ್ಟುಕೊಂಡು ನಾನಿದ್ದೆ. ಅಕ್ಕ ಕಣ್ಣು ಮುಚ್ಚಿ, ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ತಮ್ಮ ಎಷ್ಟು ನಿಧಾನ ಓಡಿಸಿದನೆಂದರೆ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ, ತಿರುಗಿ ನೋಡಿ ಹೋದ. ಸ್ವಲ್ಪ ಹೊತ್ತಿಗೆ ಅಕ್ಕ ಒಂದು ಕಣ್ಣು ಬಿಟ್ಟಳು. "ಹೀಗೆ ಹೋದ್ರೆ ನಾವು ತಲುಪೋ ಹೊತ್ತಿಗೆ ಅವರ ಕೂದಲು ಜಡೆ ಹಾಕೋ ಹಾಗೆ ಬೆಳೆದಿರುತ್ತೆ ಕಣೋ!"

ತಮ್ಮ ಫಕ್ಕನೆ ನಕ್ಕ. ನಗುತ್ತಾ ನಗುತ್ತಾ ಅವನ ಕಣ್ಣು ತುಂಬಿತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, "ನನ್ನನ್ನ ಕ್ಷಮಿಸ್ತೀಯಾ ಅಕ್ಕ?" ಅಂದ.

"ಕ್ಷಮಿಸಿ ಐದು ವರ್ಷ ಆಯ್ತು. ನಿನ್ನ ಮೋರೆ ನೋಡಿದ್ರೆ ಹೇಳೋಕೇ ಬಾಯಿ ಬರ್ತಿರಲಿಲ್ಲ. ನಡಿ, ಹೊತ್ತಾಯ್ತು."

ಅವತ್ತು ವಾರ್ಡಿನಲ್ಲಿ ಏಳು ಜನಕ್ಕೆ ಕೂದಲು ಕತ್ತರಿಸಿದಳು. ಅಪಘಾತದಲ್ಲಿ ಭುಜ ಮುರಿದುಕೊಂಡಿದ್ದ ಹೆಂಗಸೊಬ್ಬಳು, "ಈ ನೋವು ಪೂರ್ತಿ ಹೋಗುತ್ತಾ?" ಅಂತ ಕೇಳಿದಳು.

"ನನಗಂತೂ ಹೋಗಿಲ್ಲಮ್ಮ. ಚಳಿ ಬಂದ್ರೆ ಹೇಳದೆ ಬರೋ ನೆಂಟನ ಥರ ಬಂದು ಕೂರುತ್ತೆ. ಕೂತ್ಕೊಳ್ಳಲಿ ಅಂತ ಬಿಟ್ಟು ನನ್ನ ಕೆಲಸ ನಾನು ಮಾಡ್ತೀನಿ" ಎಂದು ಅಕ್ಕ ಕೈಗನ್ನಡಿ ಹಿಡಿದಳು. ಆ ಹೆಂಗಸು ಕತ್ತು ಆಚೀಚೆ ಮಾಡಿ ನೋಡಿಕೊಂಡು, "ಅರೆ, ನಾನು ಇಷ್ಟು ಚೆನ್ನಾಗಿದ್ದೀನಾ!" ಅಂದುಬಿಟ್ಟಳು.

ಈಗ ಪ್ರತಿ ಭಾನುವಾರ ಹೋಗುತ್ತೇವೆ. ತಲೆ ತೊಳೆಯುವ ಕೆಲಸ ತಮ್ಮನದು. ಮೊನ್ನೆ ಮಾತಿನ ಭರದಲ್ಲಿ ಅಜ್ಜನೊಬ್ಬನ ಕಿವಿಗೆ ಚೆಂಬು ನೀರು ಸುರಿದುಬಿಟ್ಟ.

"ತಲೆ ತೊಳೀತಿದ್ದೀಯೋ, ಈಜು ಕಲಿಸ್ತಿದ್ದೀಯೋ?" ಎಂದು ಅಜ್ಜ ಗದರಿದ. ಇಡೀ ವಾರ್ಡು ಗೊಳ್ಳೆಂದಿತು. ಅಕ್ಕ ನಗು ತಡೆಯಲಾರದೆ ಸ್ಟೂಲಿನ ಸಮೇತ ಬಾಗಿಲವರೆಗೂ ಜಾರಿಹೋದಳು.