ಬೀಳದ ಹೂವು

ನಮ್ಮೂರಲ್ಲಿ ಮೆತ್ತಗೆ ಮಾತಾಡುವವರು ಯಾರೂ ಇಲ್ಲ. ಅದಕ್ಕೆ ಕಾರಣ ಕಲ್ಲಯ್ಯನ ಹಿಟ್ಟಿನ ಗಿರಣಿ. ಬನವಾಸಿ ರಸ್ತೆಯ ತಿರುವಿನಲ್ಲಿರುವ ಆ ತಗಡಿನ ಶೆಡ್ಡಿನಲ್ಲಿ ಮಷಿನ್ ಶುರುವಾದರೆ ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಕೂಗಬೇಕು. ಕೂಗಿ ಕೂಗಿ ಅಭ್ಯಾಸವಾಗಿ, ಮಷಿನ್ ನಿಂತ ಮೇಲೂ ಕೂಗುತ್ತಲೇ ಇರುತ್ತೇವೆ. ಬಸ್ಸಿಗೆ ಕಾಯುವ ಪರವೂರಿನವರು ಒಳಗೆ ಹೊಡೆದಾಟ ನಡೆದಿದೆ ಎಂದುಕೊಂಡು ಇಣುಕುತ್ತಾರೆ. ಒಳಗೆ ನಡೆಯುತ್ತಿರುವುದು ಫುಟ್‌ಬಾಲ್ ಚರ್ಚೆ, ಅಷ್ಟೇ.

ಕಲ್ಲಯ್ಯ ನನ್ನ ಓರಗೆಯವನು, ಹಾಗಾಗಿ ಏಕವಚನದಲ್ಲೇ ಹೇಳುತ್ತೇನೆ. ಊರಿಗೆ ಅವನು ಅಯ್ಯನೋರು. ಬೆಳಿಗ್ಗೆ ವೀರಭದ್ರನ ಗುಡಿಯ ಪೂಜೆ, ಆಮೇಲೆ ಗಿರಣಿ. ಹಣೆಯ ಮೇಲೆ ವಿಭೂತಿ ಎಲ್ಲಿ ಮುಗಿದು ಹಿಟ್ಟು ಎಲ್ಲಿ ಶುರುವಾಯಿತೆಂದು ಹೆಂಡತಿ ಗೌರಕ್ಕನಿಗೂ ಗೊತ್ತಾಗುವುದಿಲ್ಲ. ಹರೆಯದಲ್ಲಿ ನಮ್ಮ ತಂಡದ ಬ್ಯಾಕ್ ಆಗಿದ್ದ. ಮೊಣಕಾಲು ಕೈಕೊಟ್ಟ ಮೇಲೆ ತಂಡದ ಹಿರಿಯನಾದ. ಮನುಷ್ಯ ಚಿನ್ನದಂಥವನು. ಒಂದೇ ದೋಷ, ಯಾರ ಮುಖ ನೋಡಿಯೂ ‘ಬೇಡ’ ಎನ್ನಲಾರ. ಹುಳ ಹಿಡಿದ ಗೋಧಿ ತಂದರೂ, "ಛಲೋ ಐತಿ ಬಿಡ್ರಿ, ಬೀಸಿದ್ರ ಏನೂ ಗೊತ್ತಾಗಂಗಿಲ್ಲ" ಎನ್ನುತ್ತಾನೆ. ಬೇಡ ಎನ್ನುವ ಕೆಲಸವನ್ನೆಲ್ಲ ಅವನು ದೇವರಿಗೆ ಬಿಟ್ಟಿದ್ದ.

ದೇವರು ಬೇಡ ಎನ್ನುವುದು ಹೂವಿನಿಂದ. ಮದುವೆಯ ಮಾತಿರಲಿ, ಬಾವಿ ತೋಡುವುದಿರಲಿ, ಕಲ್ಲಯ್ಯ ಎರಡು ಹೂವನ್ನು ನೀರಿನಲ್ಲಿ ಅದ್ದಿ ವೀರಭದ್ರನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಬಲದ್ದು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬೇಡ. ಅದಕ್ಕೆ ಪ್ರಸಾದ ಕೇಳುವುದು ಎನ್ನುತ್ತೇವೆ. ಕೆಳಗಿನ ಕೇರಿಯ ದುರ್ಗಮ್ಮನ ಮಗಳು ಭೂಮಿಕಾಳಿಗೆ ಬಿಳಗಿಯ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿ ಒಪ್ಪಿದ್ದಳು, ಹುಡುಗನೂ ಒಪ್ಪಿದ್ದ. ಪ್ರಸಾದ ಕೇಳಿದರೆ ಎಡದ ಹೂವು ಬಿತ್ತು. ದುರ್ಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಆ ಮಾತನ್ನು ಅಲ್ಲಿಗೇ ಬಿಟ್ಟಳು. ಭೂಮಿಕಾ ಇವತ್ತಿಗೂ ಮನೆಯಲ್ಲಿ ಹೊಲಿಗೆ ಮಷಿನ್ ಮುಂದೆ ಕೂತಿದ್ದಾಳೆ. ದೇವರ ಮಾತಿಗೆ ನಮ್ಮಲ್ಲಿ ಅಪೀಲು ಇಲ್ಲ.

ಹೋದ ಮಾಘದಲ್ಲಿ ಶಿರಸಿಯ ಮೈದಾನದಲ್ಲಿ ಕಪ್ಪಿನ ಆಟ ನಡೆದು ನಮ್ಮ ವೀರಭದ್ರ ಬಳಗ ಫೈನಲ್ ಮುಟ್ಟಿತು. ಎದುರಾಳಿ ಮಂಚಿಕೇರಿ. ಅವರ ಮುಂಪಡೆಯ ಹುಡುಗರು ಕಾರ್ನರಿನಿಂದ ಬಂದ ಬಾಲನ್ನು ನೆಗೆದು ತಲೆಯಲ್ಲೇ ಗೋಲಿಗೆ ತಳ್ಳುವುದರಲ್ಲಿ ಪಳಗಿದವರು. ನಮ್ಮ ಕೀಪರ್ ಭರತ್ ಗಿಡ್ಡ. ಬೆಕ್ಕಿನ ಹಾಗೆ ಹಾರುತ್ತಾನೆ, ಆದರೂ ಗಿಡ್ಡ. ಸೆಮಿಫೈನಲ್ಲಿನಲ್ಲಿ ಎರಡು ಬಾಲು ಅವನ ಕೈ ಮೇಲಿಂದ ಹೋಗಿದ್ದವು. ಇನ್ನೊಬ್ಬ ಕೀಪರ್ ಅದೇ ದುರ್ಗಮ್ಮನ ಮಗ, ಸಂಜಯ. ಹೊಸಬ, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ.

ಗಿರಣಿಯಲ್ಲಿ ಕುರುಕ್ಷೇತ್ರವೇ ಶುರುವಾಯಿತು. ಕಿರಾಣಿ ಅಂಗಡಿಯ ಶಂಭುಲಿಂಗ ಹಿಟ್ಟು ಚೆಲ್ಲಿದ ನೆಲದ ಮೇಲೆ ಬೆರಳಿನಿಂದ ಮೈದಾನ ಬರೆದು, ಜೋಳದ ಕಾಳಿಟ್ಟು ಆಟಗಾರರನ್ನು ನಿಲ್ಲಿಸಿದ.

"ಹಿಂದ ನಾಕು ಮಂದಿ ಇರಲಿ, ಐದು ಮಂದಿ ಇರಲಿ, ಕಾರ್ನರ್ ಬಂತಂದ್ರ ಕೈ ಮ್ಯಾಲ ಹೋಗಬೇಕೋ ಬ್ಯಾಡೋ? ಸಂಜಯನ್ನ ನಿಲ್ಲಸ್ರಿ!"

ಶಾಲೆಯ ಮೇಷ್ಟ್ರು ಸುಹಾಸ ಕಾಲಿನಿಂದ ಆ ಮೈದಾನವನ್ನೇ ಒರೆಸಿದರು. "ಎತ್ತರ ಇದ್ರೆ ಆಯ್ತೇನ್ರೀ? ಹಂಗಾದ್ರೆ ಕರೆಂಟ್ ಕಂಬ ನಿಲ್ಸಿ. ಐದು ವರ್ಷದಿಂದ ಗೋಲು ಕಾಯ್ದವನು ಭರತ್!"

"ನಿಮ್ಮ ಕಾಲಿಗೆ ಬೆಂಕಿ ಹತ್ತಲಿ ಮಾಸ್ತರ, ನನ್ನ ಹಾಫ್ ಬ್ಯಾಕ್ ಎಲ್ಲಿ ಹೋದ?" ಎಂದು ಶಂಭುಲಿಂಗ ಕಾಳು ಹುಡುಕತೊಡಗಿದ.

ನಾನು ಎತ್ತರದ ಕಡೆ. ಮುಚ್ಚಿಡುವುದೇನು, ಬಾಯಿ ಹರಿಯುವಷ್ಟು ಕೂಗಿದೆ. ಕಲ್ಲಯ್ಯ ಮಾತ್ರ ಭರತನ ಕಡೆ. ಇರಲೇಬೇಕಲ್ಲ, ಭರತ್ ಅವನ ಅಕ್ಕ ದಾಕ್ಷಾಯಿಣಿಯ ಮಗ. ಅಕ್ಕ ತೀರಿಕೊಂಡಾಗ ಎರಡು ವರ್ಷದ ಕೂಸನ್ನು ತಂದು ಇವನೇ ಸಾಕಿದ. ಈಗ ಗುಡಿಯಲ್ಲಿ ಗಂಧ ತೇಯುವವನೂ ಅವನೇ, ಗಿರಣಿಯಲ್ಲಿ ಚೀಲ ಎತ್ತುವವನೂ ಅವನೇ. "ನಮ್ಮ ಭರತನ ಕೈ ಅಂದ್ರ ಕೈ," ಎಂದು ಕಲ್ಲಯ್ಯ ಎಲ್ಲರ ಮುಂದೆ ಅವನ ಬೆನ್ನು ತಟ್ಟಿದ. ಹುಡುಗನ ಮುಖ ಅರಳಿತು.

ಜಗಳ ವಾಟ್ಸಾಪಿಗೆ ಹೋಯಿತು, ಅಲ್ಲಿಂದ ಕೇರಿಗೆ ಇಳಿಯಿತು. ಸಂಜಯನನ್ನು ಹೊರಗೆ ಕೂರಿಸಿದರೆ ಕೆಳಗಿನ ಕೇರಿಯ ಹುಡುಗರು ಯಾರೂ ಬೂಟು ಕಟ್ಟುವುದಿಲ್ಲ ಎಂಬ ಮಾತು ಬಂತು. ಆಗ ಯಾರೋ ಪುಣ್ಯಾತ್ಮ ಕೂಗಿದ: "ತಂಡಕ್ಕೆ ದೇವ್ರ ಹೆಸರಿಟ್ಟೀವಿ, ದೇವ್ರನ್ನೇ ಕೇಳನ!" ಕೀಪರ್ ಯಾರೆಂದು ದೇವರನ್ನು ಕೇಳುವ ಮಂದಿ ಈ ಭೂಮಿ ಮೇಲೆ ಬೇರೆಲ್ಲಾದರೂ ಇದ್ದಾರೋ ಇಲ್ಲವೋ, ನಮ್ಮಲ್ಲಿ ಮಾತ್ರ ಒಬ್ಬನೂ ನಗಲಿಲ್ಲ. ಎಲ್ಲರಿಗೂ ಉಸಿರು ಬಂದ ಹಾಗಾಯಿತು.

ಮ್ಯಾಚಿನ ಹಿಂದಿನ ದಿನ ಸಂಜೆ ಗುಡಿ ತುಂಬ ಜನ. "ಸಂಜಯ ನಿಂತರೆ ಒಳಿತಾಗುವುದಾದರೆ ಬಲಗಡೆಯಿಂದ ಕೊಡು ತಂದೆ," ಎಂದು ಕಲ್ಲಯ್ಯ ಕೈ ಮುಗಿದ. ಭರತ್ ಕಂಬದ ಪಕ್ಕ ಕಣ್ಣು ಮುಚ್ಚಿ ನಿಂತಿದ್ದ. ಮಂಗಳಾರತಿ ಮುಗಿಯುವ ಮೊದಲೇ ಬಲದ ಹೂವು ಪಟಕ್ಕನೆ ಬಿತ್ತು. "ಹರ ಹರ ಮಹಾದೇವ!" ಗುಡಿಯೇ ಹಾರಿಹೋಗುವ ಹಾಗೆ ಕೂಗಿದೆವು. ಭರತ್ ಕಣ್ಣು ಬಿಟ್ಟು, ನೆಟ್ಟಗೆ ಸಂಜಯನ ಹತ್ತಿರ ಹೋಗಿ, "ನಿನ್ನ ಗ್ಲೌಸು ಹರದಾವಲ್ಲ, ನಾಳೆ ನನ್ನವ ಹಾಕ್ಕೋ," ಎಂದ.

ಗೆದ್ದೆವು. ಒಂದೇ ಗೋಲು, ಆದರೂ ಗೆದ್ದೆವು. ಮಂಚಿಕೇರಿಯವರು ಕಾರ್ನರ್ ಮೇಲೆ ಕಾರ್ನರ್ ಹೊಡೆದರು, ಸಂಜಯ ಹಲಸಿನಕಾಯಿ ಇಳಿಸಿಕೊಂಡ ಹಾಗೆ ಒಂದೊಂದನ್ನೂ ಮೇಲಿಂದಲೇ ಹಿಡಿದ. ಅವನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದವನು ಭರತ್. ಕಪ್ಪು ಗುಡಿಗೆ ಬಂತು. ದುರ್ಗಮ್ಮ ಹಣ್ಣುಕಾಯಿ ತಂದು ಕಲ್ಲಯ್ಯನ ಕಾಲಿಗೆ ಬಿದ್ದಳು.

"ಅವತ್ತು ಮಗಳಿಗೆ ಬೇಡ ಅಂದ ದೇವ್ರು ಇವತ್ತು ಮಗನಿಗೆ ಹೂಂ ಅಂದ ಅಯ್ಯನೋರೆ. ಅವನಿಗೆ ಗೊತ್ತಿಲ್ಲದ್ದು ಎಂತದು ಹೇಳಿ!"

ಕಲ್ಲಯ್ಯ ಹಾವು ತುಳಿದವನಂತೆ ಕಾಲು ಹಿಂದಕ್ಕೆ ಎಳೆದುಕೊಂಡ. ದೊಡ್ಡತನ ಎಂದುಕೊಂಡೆವು ನಾವು.

ಅಂದಿನಿಂದ ಅವನು ನಮ್ಮ ಕಲ್ಲಯ್ಯನಾಗಿ ಉಳಿಯಲಿಲ್ಲ. ಅಕ್ಕಿಹಿಟ್ಟು ರವೆಯಾಗಿ ಬೀಳತೊಡಗಿತು. ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯುತ್ತಾನೆ, ಬಾಯಿಗಿಡುವುದಿಲ್ಲ. ಸಕ್ಕರೆ ಕಾಯಿಲೆ ಇರಬೇಕೆಂದು ಗೌರಕ್ಕ ಶಿರಸಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದಳು. ರಕ್ತದಲ್ಲಿ ಏನೂ ಇರಲಿಲ್ಲ. ಯಾರಾದರೂ ಪ್ರಸಾದ ಕೇಳಲು ಬಂದರೆ, ಇವತ್ತು ಹೂವು ಬಾಡ್ಯಾವು, ಇವತ್ತು ಅಮಾಸಿ, ಇವತ್ತು ಮೈಯಾಗ ಆರಾಮಿಲ್ಲ ಎಂದು ಒಂದಲ್ಲ ಒಂದು ನೆವ ಹೇಳಿ ತಿರುಗಿ ಕಳಿಸುತ್ತಿದ್ದ. ಅತ್ತ ಭರತ್ ಗದ್ದೆಯ ಕಡೆ ಮುಖ ಹಾಕಲಿಲ್ಲ. ಕೊಯ್ಲಾದ ಗದ್ದೆಯಲ್ಲಿ ಬಾಲು ಹೊಡೆಯುತ್ತಿದ್ದ ಹುಡುಗರು ಕರೆದರೆ, ಮಾಮ ಕೇಳುವ ಹಾಗೆ, "ದೇವರ ಬ್ಯಾಡ ಅಂದಾನ, ಬಿಡ್ರೋ," ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಕಲ್ಲಯ್ಯ ಕೆಲಸವಿಲ್ಲದಿದ್ದರೂ ಎದ್ದು ಮಷಿನ್ ಶುರು ಮಾಡುತ್ತಿದ್ದ.

ಒಂದು ಮಧ್ಯಾಹ್ನ ಗಿರಣಿಯಲ್ಲಿ ನಾವಿಬ್ಬರೇ ಇದ್ದಾಗ ನಾನೇ ಬೈದೆ. "ಎಂತ ಆಗಿದೆ ನಿಂಗೆ? ಗೆದ್ದು ಬಂದವನ ಮುಖವೇನೋ ಇದು?"

ಆಗ ಹೊರಗೆ ಬಂತು. ಎಡದ ಹೂವಿಗೆ ಅವನು ಬರೀ ನೀರು ಹಚ್ಚಿರಲಿಲ್ಲ, ಗಟ್ಟಿ ಗಂಧ ಮೆತ್ತಿದ್ದ. ಬಲದ್ದು ಬೀಳಲೇಬೇಕಿತ್ತು.

"ಭರತ ನಿಂತ್ರ ಸೋಲ್ತೀವಿ ಅಂತ ನನಗ ಗೊತ್ತಿತ್ತೋ," ಎಂದ. "ತಾಯಿ ಇಲ್ಲದ ಹುಡುಗ. ಅವನ ಮಾರಿ ನೋಡಿ ನೀ ಬ್ಯಾಡ ಅಂತ ಹ್ಯಾಂಗ ಹೇಳಲಿ? ಅದಕ್ಕ ಆ ತಂದಿ ಬಾಯಾಗ ಹೇಳಿಸಿದೆ. ಪಾಪಿ ನಾನು. ಮುಂಜಾನೆ ಮೂರ್ತಿ ಕಣ್ಣು ನೋಡಾಕ ಆಗವಲ್ದು."

ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. "ಬಾಯಿ ಮುಚ್ಚಿಕೊಂಡಿರು ಮಾರಾಯಾ. ಊರಿನ ಅರ್ಧ ಮದುವೆ ನಿನ್ನ ಹೂವಿನ ಮೇಲೆ ನಿಂತಿದೆ. ಒಂದು ಹೂವು ಸುಳ್ಳು ಅಂದ್ರೆ ಎಲ್ಲ ಹೂವೂ ಸುಳ್ಳಾಗ್ತದೆ. ನಾಳೆ ನಿನ್ನ ಗುಡಿಗೆ ಯಾರು ಬರ್ತಾರೆ?"

"ದೇವರು ತನ್ನ ಕೈ ಬಿಟ್ಟಾನಂತ ಹುಡುಗ ತಿಳಕೊಂಡಾನಲ್ಲೋ," ಎಂದು ಕಲ್ಲಯ್ಯ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡ.

ಮಾರನೇ ದಿನ ಬೆಳಿಗ್ಗೆ ಗುಡಿಯಲ್ಲಿ ನಡೆದದ್ದನ್ನು ಅವನೇ ನನಗೆ ಹೇಳಿದ. ಭರತ್ ಮೂರ್ತಿ ತೊಳೆಯುತ್ತಿದ್ದನಂತೆ. ಹಿಂದೆ ನಿಂತು ಕಲ್ಲಯ್ಯ, "ತಮ್ಮಾ, ಅವತ್ತಿನ ಪ್ರಸಾದ ದೇವರು ಕೊಟ್ಟಿದ್ದಲ್ಲ," ಎಂದ.

ಭರತ್ ನೀರು ಹಾಕುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ ಮಾಮಾ. ಮ್ಯಾಚಿನ ದಿನ ಮುಂಜಾನೆ ಇದನ್ನ ತೊಳದಾಂವ ನಾನ ಅಲ್ಲೇನು? ಎಡದ ಹೂವು ಇನ್ನೂ ಹತ್ಕೊಂಡಿತ್ತು. ಉಗುರು ಹಾಕಿ ಕೆರದು ತಗದೆ. ನಾನ ತೇಯ್ದ ಗಂಧ, ನನಗ ಗೊತ್ತಾಗಂಗಿಲ್ಲೇನು?"

"ಮತ್ತ ಯಾಕ ಸುಮ್ಮನಿದ್ದಿ?"

"ನೀವ ಹೇಳ್ತೀರಿ ಅಂತ ಕಾದೆ." ತಂಬಿಗೆ ಕೆಳಗಿಟ್ಟ. "ದೇವರು ಬ್ಯಾಡ ಅಂದಿದ್ರ ಮುಂದಿನ ವರ್ಷ ಮತ್ತ ಕೇಳ್ತಿದ್ದೆ. ಬ್ಯಾಡ ಅಂದವರು ನೀವು. ಅದೂ ಎಲ್ಲಾರ ಮುಂದ ಬೆನ್ನು ತಟ್ಟಿ. ನೀ ಗಿಡ್ಡ ಅದಿ ಮಗನ, ಈ ಸಲ ಹೊರಗ ಕುಂದ್ರು ಅಂದಿದ್ರ ಕುಂದರ್ತಿರಲಿಲ್ಲೇನು ನಾ?"

ಕಲ್ಲಯ್ಯ ಅವನ ಕೈ ಹಿಡಿದುಕೊಂಡ. "ಮತ್ತ ಆಡ್ತೀ ಇಲ್ಲೋ?"

"ನನಗೊಬ್ಬನಿಗೆ ಹೇಳಿದ್ರ ಏನು ಬಂತು? ಗಿರಣ್ಯಾಗ ಹೇಳ್ರಿ. ಆಮ್ಯಾಲೆ ನೋಡೋಣ."

ಅಲ್ಲಿಂದ ಕಲ್ಲಯ್ಯನಿಗೆ ಅತ್ತ ದರಿ, ಇತ್ತ ಪುಲಿ. ಹೇಳಿದರೆ ಊರು ಹೋಗುತ್ತದೆ, ಹೇಳದಿದ್ದರೆ ಹುಡುಗ ಹೋಗುತ್ತಾನೆ. ಅಷ್ಟರಲ್ಲಿ ಸಿದ್ದಾಪುರದ ಕಪ್ಪಿನ ಆಟ ಬಂತು. ಮೊದಲ ಆಟವೇ ಮನ್ಮನೆಯವರ ಮೇಲೆ. ಗಿರಣಿಯಲ್ಲಿ ಮತ್ತೆ ಹಿಟ್ಟಿನ ಮೈದಾನ, ಮತ್ತೆ ಜೋಳದ ಕಾಳು. ಈ ಸಲ ಮುಂದೆ ಒಬ್ಬನನ್ನು ಬಿಡಬೇಕೋ ಇಬ್ಬರನ್ನೋ ಎಂಬ ಜಗಳ. ಮಷಿನ್ನಿನ ಸದ್ದಿನ ಮೇಲೆ ಸುಹಾಸ ಮೇಷ್ಟ್ರು ಒಂದು ಕೂಗಿದರೆ ಶಂಭುಲಿಂಗ ಎರಡು ಕೂಗುತ್ತಿದ್ದ. ಕೊನೆಗೆ ಶಂಭುಲಿಂಗ ಬಾಳೆಲೆಯ ಪೊಟ್ಟಣ ಬಿಚ್ಚಿದ.

"ಬಾಯಿ ಯಾಕ ನೋಯಿಸ್ಕೋತೀರಿ? ಹೂವು ತಂದೀನಿ. ಅಯ್ಯನವರ, ಏಳ್ರಿ. ಹೋದ ಸಲ ಹೇಳಿದಾಂವ ಈ ಸಲ ಹೇಳೂದಿಲ್ಲೇನು?"

ಕಲ್ಲಯ್ಯ ಮಷಿನ್ ಬಂದ್ ಮಾಡಿದ. ಮೂಲೆಯಲ್ಲಿ ಚೀಲದ ಬಾಯಿ ಕಟ್ಟುತ್ತಿದ್ದ ಭರತ್ ತಲೆ ಎತ್ತಿದ. ನಾನು ಕಣ್ಣಿನಲ್ಲೇ ಬೇಡ ಬೇಡ ಎಂದೆ. ಅವನು ನನ್ನ ಕಡೆ ನೋಡಲೇ ಇಲ್ಲ.

"ಹೋದ ಸಲ ದೇವರು ಹೇಳಿದ್ದಲ್ಲ," ಎಂದ. "ನಾ ಹೇಳಿದ್ದು. ಎಡದ ಹೂವಿಗೆ ಗಂಧ ಮೆತ್ತಿದ್ದೆ. ಭರತ ಬ್ಯಾಡ ಅನ್ನೂದು ನನ್ನ ಮನಸಿನ ಮಾತು. ದೇವರದ್ದಲ್ಲ."

"ಗೆದ್ದೀವಲ್ಲ, ಆತು ಬಿಡ್ರಿ," ಎಂದು ಶಂಭುಲಿಂಗ ಗೊಣಗಿದ. ಹೂವಿನ ಪೊಟ್ಟಣವನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಸಂಜಯ ಗ್ಲೌಸನ್ನು ಭರತನ ಕಡೆ ಎಸೆದ. "ತಗಳ ಮಾರಾಯ, ನಿನ್ನದು." ಭರತ್ ಹಿಡಿದ. ಹಿಡಿದ ಮೇಲೆ ಅವನ ಕಣ್ಣು ತುಂಬಿತು, ಕಲ್ಲಯ್ಯನದೂ ತುಂಬಿತು. ಅಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಬಾಗಿಲ ಬಳಿ ಅಕ್ಕಿಯ ಡಬ್ಬಿ ಇಟ್ಟುಕೊಂಡು ಸರದಿ ಕಾಯುತ್ತಿದ್ದಳು ದುರ್ಗಮ್ಮ. ಅವಳು ಕೂಗಲಿಲ್ಲ. ನಮ್ಮೂರಲ್ಲಿ ಅಷ್ಟು ಮೆತ್ತಗೆ ಮಾತಾಡಿದವಳು ಅವಳೊಬ್ಬಳೇ.

"ಹಂಗಾರೆ ನನ್ನ ಭೂಮಿಕಾಂದು, ಅಯ್ಯನೋರೆ?"

"ಅದು ಖರೆ ಅಕ್ಕಾ," ಎಂದ ಕಲ್ಲಯ್ಯ. "ವೀರಭದ್ರನ ಆಣಿ. ಅದು ಖರೇನ."

ದುರ್ಗಮ್ಮ ಅವನನ್ನೇ ನೋಡಿದಳು. ಸಂಜಯ, "ಅಬ್ಬೇ, ಬಾ," ಎಂದು ಕೈ ಹಿಡಿದ. ಅವಳು ಬೀಸದ ಅಕ್ಕಿಯ ಡಬ್ಬಿಯನ್ನು ಸೊಂಟಕ್ಕೆ ಏರಿಸಿಕೊಂಡು ಬನವಾಸಿ ಬಸ್ಸಿನ ಕಡೆ ನಡೆದಳು. ಈಗಲೂ ಅಲ್ಲಿಗೇ ಹೋಗಿ ಬೀಸಿಸಿಕೊಂಡು ಬರುತ್ತಾಳೆ.

ಭರತ್ ಈಗ ಆಡುತ್ತಾನೆ. ಗುಡಿಯಲ್ಲಿ ಪೂಜೆಯೂ ನಡೆಯುತ್ತದೆ, ಪ್ರಸಾದ ಮಾತ್ರ ಯಾರೂ ಕೇಳುವುದಿಲ್ಲ. ಮೊನ್ನೆ ಸಂಜೆ ಗಿರಣಿ ಗುಡಿಸುತ್ತಿದ್ದ ಕಲ್ಲಯ್ಯ ಪೊರಕೆ ಹಿಡಿದೇ ನನ್ನ ಪಕ್ಕ ಬಂದು ನಿಂತ.

"ಆ ಬಿಳಗಿ ಹುಡುಗ ನನಗೂ ಮನಸಿಗೆ ಬಂದಿರಲಿಲ್ಲೋ. ಕುಡೀತಾನ ಅಂತ ಯಾರೋ ಅಂದಿದ್ರು," ಎಂದ. "ಅವತ್ತು ಬಲದ ಹೂವಿಗೆ ಬರೇ ನೀರ ಹಚ್ಚಿದ್ದೆ ಹೌದಲ್ಲ? ನೀ ಇದ್ದೆಲ್ಲ ಅಲ್ಲಿ. ಹೇಳೋ. ನನಗ ಈಗ ನೆನಪಾಗವಲ್ದು."

ಹೌದು, ನಾನಿದ್ದೆ. ಎಡದ ಹೂವು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಅದು ಬಿದ್ದ ಕೂಡಲೇ ಎಲ್ಲರೂ ಎದ್ದು ಮನೆಗೆ ಹೊರಟೆವು. ಬಲದ್ದು ಆಮೇಲೆ ಬಿತ್ತೋ ಇಲ್ಲವೋ, ತಿರುಗಿ ನೋಡಿದವರು ಯಾರೂ ಇಲ್ಲ.